ಕಿಡ್ನಿ ಕೈಕೊಟ್ಟಾಗ: ಮಷಿನ್, ಹೊಟ್ಟೆಯ ಚೀಲ, ಕಸಿ – ಯಾರಿಗೆ ಯಾವುದು?

ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ ಕ್ರಿಯಾಟಿನಿನ್. ನಮ್ಮ ಭಾವನವರಿಗೆ ಅದು 4 ಇದ್ದಾಗ ಮನೆಯಲ್ಲಿ ಯಾರೂ ಡಯಾಲಿಸಿಸ್ ಎಂಬ ಮಾತನ್ನೇ ಎತ್ತಲಿಲ್ಲ. ಎತ್ತಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಅಳುಕು. ಅದು 9 ದಾಟಿದ ರಾತ್ರಿ ಅವರಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಳಬಾಗಿಲಿನ ಆಚೆಯ ಹಳ್ಳಿಯಿಂದ ಕಾರು ಮಾಡಿಕೊಂಡು ಹೊರಟೆವು. ಆ ಹೊತ್ತಿಗೆ ಆಯ್ಕೆ ಎಂಬುದು ಉಳಿದಿರಲಿಲ್ಲ. ಕುತ್ತಿಗೆಗೆ ಪೈಪು ಹಾಕಿದರು, ಮಷಿನ್‌ಗೆ ಜೋಡಿಸಿದರು, ಬೆಳಿಗ್ಗೆ ಬಿಲ್ ಕೈಗಿತ್ತರು. ಆ ವಾರವೇ ಕೊಟ್ಟಿಗೆಯಿಂದ ಒಂದು ಹಸು ಹೋಯಿತು.

ಆಮೇಲೆ ನಾಲ್ಕು ವರ್ಷ ಭಾವನವರ ಜೊತೆ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ನಾನು ವೈದ್ಯನಲ್ಲ. ಆದರೂ ಊರಿನವರು, ಪರಿಚಯದವರು ರಿಪೋರ್ಟ್ ಹಿಡಿದುಕೊಂಡು ಬರುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರಿಗೆ 38 ವಯಸ್ಸು. ಕಿಡ್ನಿ ಕಸಿಗೆ, ಅಂದರೆ ಬೇರೊಬ್ಬರ ಕಿಡ್ನಿ ಹಾಕಿಸಿಕೊಳ್ಳಲು, ಸಾಲ ಮಾಡಲೇ ಎಂಬುದು ಅವರ ಪ್ರಶ್ನೆ. ಬಂಗಾರಪೇಟೆಯ ಶಿಕ್ಷಕಿಯೊಬ್ಬರಿಗೆ ಕೆಲಸ ಬಿಡದೆ ಹೇಗೆ ಎಂಬ ಚಿಂತೆ. ಕೆಜಿಎಫ್‌ನ ಮಗನೊಬ್ಬನಿಗೆ 81ರ ತಂದೆಯನ್ನು ವಾರಕ್ಕೆ ಮೂರು ಸಲ ಮಷಿನ್ ಮೇಲೆ ಮಲಗಿಸಬೇಕೇ ಬೇಡವೇ ಎಂದು ತಿಳಿಯುತ್ತಿಲ್ಲ. ಮೂವರಿಗೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಬೇರು ಅರೆದು ಕುಡಿಸಿ ಕಿಡ್ನಿಯನ್ನು ಮತ್ತೆ ಚಿಗುರಿಸುತ್ತೇನೆ ಎನ್ನುವವರನ್ನಂತೂ ಮನೆಯ ಹೊಸ್ತಿಲಿಗೂ ಬಿಡಬೇಡಿ. ಉಳಿದಿರುವ ಚೂರುಪಾರು ಶಕ್ತಿಯೂ ಅದರಲ್ಲಿ ಹೋದವರನ್ನು ಅದೇ ಬೆಂಚಿನ ಮೇಲೆ ಕಂಡಿದ್ದೇನೆ.

ಮೊದಲು ಅಳತೆಗೋಲು ಇಟ್ಟುಕೊಳ್ಳೋಣ. ಆಸ್ಪತ್ರೆಯ ಬಿಲ್ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡ್ ಭರಿಸುವುದೆಷ್ಟು, ಭರಿಸದೆ ಉಳಿಯುವುದೆಷ್ಟು ಎಂದು ತಿಂಗಳ ಖರ್ಚನ್ನು ಬೇರೆ ಬೇರೆ ಬರೆಯಿರಿ. ವಾರದ ಏಳು ದಿನಗಳಲ್ಲಿ ರೋಗಿಯ ಕೈಗೆ ಎಷ್ಟು ದಿನ ಉಳಿಯುತ್ತದೆ, ಜೊತೆಗೆ ಯಾರು ಹೋಗುತ್ತಾರೆ, ಅವರ ಕೂಲಿಯ ಗತಿಯೇನು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಎಷ್ಟು ವರ್ಷ, ಎಂಥ ವರ್ಷ ಎಂಬ ಪ್ರಶ್ನೆಯನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಕೇಳಿ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಮತ್ತೊಂದು: ಈ ಚಿಕಿತ್ಸೆಯಲ್ಲಿ ಒಮ್ಮೆ ತಪ್ಪಿದರೆ ಏನಾಗುತ್ತದೆ? ಮೊದಲ ಮೂರು ತಿಂಗಳು ಇಡೀ ಬಂಧುಬಳಗ ಓಡಾಡುತ್ತದೆ. ಮೂರನೇ ವರ್ಷದ ಮಳೆಗಾಲದಲ್ಲಿ, ಹಸು ಕರು ಹಾಕಿದ ದಿನ, ಯಾರೂ ಜೊತೆಗಿಲ್ಲದಾಗ ನಡೆಸಿಕೊಂಡು ಹೋಗಬಲ್ಲ ದಾರಿ ಯಾವುದೋ ಅದು ನಿಮ್ಮ ದಾರಿ.

ಯಾವಾಗ ಶುರು ಎಂಬುದಕ್ಕೂ ಒಂದು ಮಾತು. ಕ್ರಿಯಾಟಿನಿನ್ ಸಂಖ್ಯೆಯೊಂದನ್ನೇ ನೋಡಿ ನಾಳೆಯೇ ಡಯಾಲಿಸಿಸ್ ಎಂದು ಹೆದರಬೇಕಿಲ್ಲ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜು ಅದು. 15ಕ್ಕಿಂತ ಕೆಳಗೆ ಬಂದರೆ ಕೊನೆಯ ಹಂತ. ಆದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 10ರಿಂದ 14 ಇದ್ದಾಗಲೇ ಡಯಾಲಿಸಿಸ್ ಶುರು ಮಾಡಿದವರು 5ರಿಂದ 7ರವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ವಾಂತಿ, ಉಬ್ಬಸ, ಇಳಿಯದ ಊತ, ಏರಿದ ಪೊಟ್ಯಾಸಿಯಂ ಇಂಥ ಲಕ್ಷಣಗಳನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಕಾಯಬಹುದು ಎಂದರೆ ಸುಮ್ಮನೆ ಕೂರಬಹುದು ಎಂದಲ್ಲ. ತಯಾರಿಯ ಕಾಲವೇ ಅದು, ನಾವು ಕಳೆದುಕೊಂಡದ್ದೂ ಅದನ್ನೇ.

ನಮ್ಮ ಕಡೆ ಹೆಚ್ಚಿನವರು ಹೋಗುವುದು ಮಷಿನ್‌ಗೆ, ಅಂದರೆ ಹಿಮೋಡಯಾಲಿಸಿಸ್‌ಗೆ. ರಕ್ತವನ್ನು ಹೊರಗೆ ತಂದು, ಸೋಸಿ, ಮತ್ತೆ ಒಳಗೆ ಬಿಡುತ್ತಾರೆ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ಎರಡು ಸಲದಲ್ಲೇ ಮುಗಿಸುವವರು ಬಹಳ. ಬಸ್ ಚಾರ್ಜ್ ಉಳಿಯುತ್ತದೆ, ಆದರೆ ಆ ಉಳಿತಾಯದ ಬೆಲೆಯನ್ನು ಹೃದಯ ತೆರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದ ಮೇಲೆ ಬಿಪಿಎಲ್ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಇದು ಉಚಿತ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷಿನ್‌ಗಳಿವೆ. ಖಾಸಗಿಯಾದರೆ ಒಂದು ಸಲಕ್ಕೆ ಸುಮಾರು 1,500ರಿಂದ 3,000 ರೂಪಾಯಿ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಬೇರೆ.

ಉಚಿತ ಎಂದ ಮೇಲೆ ಖರ್ಚೇ ಇಲ್ಲವೇ? ಲೆಕ್ಕ ಹಾಕೋಣ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ದಿನ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರ್. ನಮ್ಮ ಹಳ್ಳಿಯಿಂದ ಮುಳಬಾಗಿಲಿಗೆ ಬರುವ ಆಟೋ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದರಿಂದ ಅಕ್ಕನಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಭಾವನವರಿಗೆ ಇದೆ. ಮಷಿನ್‌ನಿಂದ ಇಳಿದ ದಿನ ರೋಗಿಗೆ ಬಟ್ಟೆ ಹಿಂಡಿಟ್ಟಂಥ ಸುಸ್ತು. ಒಬ್ಬರನ್ನೇ ಬಸ್ ಹತ್ತಿಸಲಾಗದು. ಜೊತೆಯವರ ಕೂಲಿ ದಿನಕ್ಕೆ 500 ಎಂದಿಟ್ಟರೂ ವರ್ಷಕ್ಕೆ 78,000 ರೂಪಾಯಿ ಕಾಣದ ಹಾಗೆ ಸೋರಿಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವ ಡೇರಿಯ ಬಟವಾಡೆಯಲ್ಲಿ ಈ ಸೋರಿಕೆಯನ್ನು ಅಕ್ಕ ಕಂಡುಹಿಡಿದದ್ದು ಎರಡನೇ ವರ್ಷದಲ್ಲಿ: ಸಂಜೆಯ ಹಾಲು ವಾರಕ್ಕೆ ಮೂರು ದಿನ ಡೇರಿಗೆ ತಡವಾಗಿ ಹೋಗುತ್ತಿತ್ತು.

ಇನ್ನು ಊಟ. ಇದನ್ನು ಡಯಟ್ ಚಾರ್ಟ್ ಕೊಡುವವರು ಸರಿಯಾಗಿ ಹೇಳುವುದಿಲ್ಲ, ಏಕೆಂದರೆ ಅವರ ಚಾರ್ಟಿನಲ್ಲಿ ಬಸ್ಸಾರು ಇರುವುದಿಲ್ಲ. ಕೆಟ್ಟ ಕಿಡ್ನಿಗೆ ಪೊಟ್ಯಾಸಿಯಂ ಹೊರಹಾಕಲು ಆಗದು, ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಸೊಪ್ಪು, ಟೊಮೆಟೊ, ಮಾವು, ಬಾಳೆ, ಎಳನೀರು ಎಲ್ಲದರಲ್ಲೂ ಅದು ಧಾರಾಳ. ತರಕಾರಿಯನ್ನು ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ಬಹುಪಾಲು ಆ ನೀರಿಗೆ ಇಳಿಯುತ್ತದೆ. ನಾವೂ ಬಸಿಯುತ್ತೇವೆ. ಆದರೆ ಬಸಿದ ಕಟ್ಟನ್ನೇ ಒಗ್ಗರಿಸಿ ಸಾರು ಮಾಡುತ್ತೇವೆ! ಅಂದರೆ ಬಸ್ಸಾರು ಮಾಡಿದ ದಿನ ರೋಗಿಗೆ ಪಲ್ಯ ನಡೆಯುತ್ತದೆ, ಸಾರು ನಡೆಯುವುದಿಲ್ಲ. ಮುದ್ದೆಯನ್ನು ಅಗಿಯುವ ಜನವಲ್ಲ ನಾವು, ಸಾರಿನಲ್ಲಿ ಹೊರಳಿಸಿ ನುಂಗುವವರು. ಭಾವನವರು ಒಣ ಪಲ್ಯದ ಪಕ್ಕ ಕೂತ ಮುದ್ದೆಯನ್ನು ಬೆರಳಿನಿಂದ ಒತ್ತುತ್ತಾ ಸುಮ್ಮನೆ ಕೂತಿರುತ್ತಿದ್ದರು. ರಾಗಿಯಲ್ಲೂ ಪೊಟ್ಯಾಸಿಯಂ, ರಂಜಕ ಇರುವುದರಿಂದ ಮುದ್ದೆಯ ಗಾತ್ರವೂ ಇಳಿಯಿತು. ಕುಡಿಯುವ ನೀರನ್ನು ಅಕ್ಕ ಬೆಳಿಗ್ಗೆಯೇ ಒಂದು ಲೀಟರ್ ಬಾಟಲಿಗೆ ತುಂಬಿಡುತ್ತಾಳೆ. ಕಾಫಿ, ಮಜ್ಜಿಗೆ ಕೊಟ್ಟರೆ ಅಷ್ಟನ್ನು ಬಾಟಲಿಯಿಂದ ಚೆಲ್ಲುತ್ತಾಳೆ. ಏಪ್ರಿಲ್ ತಿಂಗಳ ಕೋಲಾರದ ಬಿಸಿಲಿನಲ್ಲಿ ಇದು ಯಾವ ಸೂಜಿಗಿಂತಲೂ ದೊಡ್ಡ ಶಿಕ್ಷೆ.

ಈ ದಾರಿ ಹಿಡಿಯುವವರು ಮೊದಲು ಮಾಡಬೇಕಾದದ್ದು ಫಿಸ್ಟುಲಾ. ಮುಂಗೈಯಲ್ಲಿ ರಕ್ತನಾಳ ಎರಡನ್ನು ಜೋಡಿಸುವ ಸಣ್ಣ ಶಸ್ತ್ರಚಿಕಿತ್ಸೆ ಅದು. 1966ರಿಂದ ಇದಕ್ಕಿಂತ ಒಳ್ಳೆಯ ಉಪಾಯ ಬಂದಿಲ್ಲ. ನಾಳ ಹಿಗ್ಗಿ ಸೂಜಿಗೆ ಸಿದ್ಧವಾಗಲು ಆರೆಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಕೈ ಇಟ್ಟು ನೋಡಿದರೆ ಒಳಗೆ ಜೀರುಂಡೆ ಹಿಡಿದಂತೆ ಗುಂಯ್‌ಗುಡುತ್ತಿರಬೇಕು. ಆ ಕಂಪನ ನಿಂತರೆ ಅದೇ ದಿನ ಆಸ್ಪತ್ರೆಗೆ. ಮೊದಲೇ ಮಾಡಿಸಿಕೊಂಡಿದ್ದರೆ ಕುತ್ತಿಗೆಯ ಪೈಪು ಬೇಡ, ಆ ಪೈಪಿನಿಂದ ಬರುವ ಸೋಂಕೂ ಬೇಡ. ಹಾಗಾಗಿ ಕಿಡ್ನಿ ತೊಂದರೆ ಇದೆ ಎಂದು ಗೊತ್ತಾದ ದಿನದಿಂದಲೇ ನೀವು ಕಡಿಮೆ ಬಳಸುವ ಕೈಯ ನಾಳವನ್ನು ಕಾಪಾಡಿಕೊಳ್ಳಿ. ಅಲ್ಲಿ ಡ್ರಿಪ್ ಬೇಡ, ರಕ್ತ ತೆಗೆಸುವುದೂ ಬೇಡ. ಕೇಂದ್ರವನ್ನು ಆರಿಸುವಾಗ ಎರಡು ಪ್ರಶ್ನೆ ಸಾಕು: ಹೆಪಟೈಟಿಸ್ ಇರುವವರಿಗೆ ಮಷಿನ್ ಬೇರೆ ಇಟ್ಟಿದ್ದೀರಾ? ಕರೆಂಟ್ ಹೋದರೆ ಜನರೇಟರ್ ಇದೆಯೇ?

ಎರಡನೆಯ ದಾರಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಮಾತಾಡುವುದೇ ಇಲ್ಲ ಎಂಬುದು ನನ್ನ ದೂರು. ಪೆರಿಟೋನಿಯಲ್ ಡಯಾಲಿಸಿಸ್ ಅದರ ಹೆಸರು, ಹೊಟ್ಟೆಯ ಡಯಾಲಿಸಿಸ್ ಎಂದರೆ ಅರ್ಥವಾಗುತ್ತದೆ. ಹೊಟ್ಟೆಯೊಳಗಿನ ಪೊರೆಯೇ ಇಲ್ಲಿ ಜರಡಿ. ಹೊಕ್ಕುಳಿನ ಹತ್ತಿರ ಮೆತ್ತನೆಯ ಕೊಳವೆಯೊಂದನ್ನು ಕೂರಿಸುತ್ತಾರೆ. ಸುಮಾರು ಎರಡು ವಾರದ ನಂತರ ಮನೆಯಲ್ಲಿ ನೀವೇ ಎರಡು ಲೀಟರ್ ದ್ರವದ ಚೀಲವನ್ನು ನೇತುಹಾಕಿ ಒಳಗೆ ಬಿಟ್ಟುಕೊಳ್ಳುತ್ತೀರಿ, ಕೆಲವು ಗಂಟೆ ಬಿಟ್ಟು ಹೊರಗೆ ಇಳಿಸುತ್ತೀರಿ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಮಷಿನ್ ಇಲ್ಲ, ಸೂಜಿ ಇಲ್ಲ, ಬಸ್ ಇಲ್ಲ. ತಿಂಗಳಿಗೊಮ್ಮೆ ತಪಾಸಣೆಗೆ ಹೋದರಾಯಿತು. ಪ್ರತಿದಿನ ಸೋಸುವುದರಿಂದ ನೀರಿಗೂ ಹಣ್ಣಿಗೂ ಅಷ್ಟು ಬಿಗಿ ಇಲ್ಲ.

ಬಂಗಾರಪೇಟೆಯ ಶಿಕ್ಷಕಿ ಆರಿಸಿಕೊಂಡದ್ದು ಇದನ್ನೇ. ಬೆಳಗಿನ ಐದೂವರೆಗೆ ಒಂದು ಚೀಲ, ಶಾಲೆ ಬಿಟ್ಟು ಬಂದ ಮೇಲೆ ಒಂದು, ರಾತ್ರಿ ಹತ್ತಕ್ಕೆ ಮತ್ತೊಂದು. ಒಂದು ದಿನವೂ ತರಗತಿ ತಪ್ಪಿಲ್ಲ. ಅವರ ಮನೆಗೆ ಹೋದರೆ ನಡುಮನೆಯ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ. ತಿಂಗಳ ಚೀಲಗಳೆಲ್ಲ ಒಮ್ಮೆಲೇ ಬಂದು ಇಳಿಯುತ್ತವೆ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ ಎಂಬುದೂ ಮುಖ್ಯ. ದ್ರವದಲ್ಲಿ ಗ್ಲೂಕೋಸ್ ಇರುವುದರಿಂದ ಮಧುಮೇಹಿಗಳ ಸಕ್ಕರೆ ಏರುತ್ತದೆ, ತೂಕವೂ ಏರುತ್ತದೆ. ದ್ರವದ ಜೊತೆ ಪ್ರೋಟೀನ್ ಹೊರಹೋಗುವುದರಿಂದ ಮೊಟ್ಟೆ, ಬೇಳೆ ಹೆಚ್ಚು ತಿನ್ನಬೇಕು.

ಇದರ ಶತ್ರು ಕೊಳೆ. ಕೈ ತೊಳೆಯುವುದರಲ್ಲಿ ಒಮ್ಮೆ ಸೋಮಾರಿತನ ಮಾಡಿದರೆ ಹೊಟ್ಟೆಯೊಳಗೆ ಸೋಂಕು. ಹೊರಬಂದ ದ್ರವ ತಿಳಿಯಾಗಿರದೆ ಅಕ್ಕಿ ತೊಳೆದ ನೀರಿನಂತೆ ಕಂಡರೆ ನಾಳೆ ಎನ್ನದೆ ಚೀಲದ ಸಮೇತ ಆಸ್ಪತ್ರೆಗೆ ಓಡಬೇಕು. ಭಾವನವರಿಗೂ ಇದನ್ನು ಸೂಚಿಸಿದ್ದರು. ಕೊಟ್ಟಿಗೆಗೂ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ, ನೊಣದ ಕಾಟ, ರೇಷ್ಮೆ ಹುಳು ಮೇಯಿಸುವ ಕಾಲದಲ್ಲಿ ಮನೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬೇಡ ಎಂದೆವು. ಈಗ ಯೋಚಿಸಿದರೆ ಮಹಡಿಯ ಮೇಲೆ ಹತ್ತಡಿಯ ಕೋಣೆ ಕಟ್ಟಿಸಿ, ಬಾಗಿಲು ಹಾಕಿ, ಬೇರೆ ನಲ್ಲಿ ಕೊಟ್ಟಿದ್ದರೆ ನಡೆಯುತ್ತಿತ್ತೇನೋ ಅನ್ನಿಸುತ್ತದೆ. ಆ ಕೋಣೆಯ ಖರ್ಚು ಎರಡು ವರ್ಷದ ಓಡಾಟದ ಖರ್ಚಿಗಿಂತ ಹೆಚ್ಚಿರಲಿಲ್ಲ.

ಹಣದ ಲೆಕ್ಕದಲ್ಲಿ ಮಾತ್ರ ಇದು ಬಡವರ ಕೈಗೆ ಸುಲಭವಾಗಿ ಸಿಗದು. ಕೈಯಿಂದ ಕೊಡುವುದಾದರೆ ಚೀಲಕ್ಕೇ ತಿಂಗಳಿಗೆ ಸುಮಾರು 20ರಿಂದ 30 ಸಾವಿರ. ರಾಷ್ಟ್ರೀಯ ಕಾರ್ಯಕ್ರಮದೊಳಗೆ ಹೊಟ್ಟೆಯ ಡಯಾಲಿಸಿಸ್ಸನ್ನೂ 2019ರಲ್ಲಿ ಸೇರಿಸಿದ್ದಾರೆ. ಚೀಲ ನಿಮ್ಮ ಜಿಲ್ಲೆಗೆ ತಪ್ಪದೆ ಬರುತ್ತಿದೆಯೇ ಎಂದು ಕೊಳವೆ ಹಾಕಿಸುವ ಮೊದಲು ಕೇಳಿ, ಹಾಕಿಸಿದ ಮೇಲಲ್ಲ.

ಕಸಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸು 55ರ ಒಳಗಿದ್ದು, ಹೃದಯ ಗಟ್ಟಿಯಿದ್ದು, ಮನೆಯಲ್ಲಿ ಹೊಂದುವ ದಾನಿ ಮನಸ್ಸಿನಿಂದ ಮುಂದೆ ಬಂದಿದ್ದರೆ ಡಯಾಲಿಸಿಸ್ಸಿನಲ್ಲಿ ವರ್ಷಗಟ್ಟಲೆ ಸವೆಯಬೇಡಿ. ಕಸಿ ಮಾಡಿಸಿಕೊಂಡವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಮತ್ತೆ ನೇಗಿಲು ಹಿಡಿಯುತ್ತಾರೆ, ಬಸ್ಸಾರೂ ಉಣ್ಣುತ್ತಾರೆ. ಸಾಧ್ಯವಾದರೆ ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಆಗಬಹುದು.

ಶ್ರೀನಿವಾಸಪುರದವರಿಗೆ ನಾನು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ಹೀಗಿತ್ತು. ಖಾಸಗಿಯಲ್ಲಿ ಒಂದು ಡಯಾಲಿಸಿಸ್‌ಗೆ 2,000 ಎಂದರೆ ವರ್ಷಕ್ಕೆ 3,12,000. ಕಸಿಗೆ 8 ಲಕ್ಷ, ಆಮೇಲೆ ಮಾತ್ರೆಗೆ ತಿಂಗಳಿಗೆ 12,000ದಂತೆ ವರ್ಷಕ್ಕೆ 1,44,000 ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಡಯಾಲಿಸಿಸ್ 15,60,000, ಕಸಿ 15,20,000. ಅಲ್ಲಿಂದಾಚೆಗೆ ಕಸಿಯೇ ಅಗ್ಗ. ಮಾತ್ರೆಯ ಪ್ರಮಾಣವೂ ಮೊದಲ ವರ್ಷದ ನಂತರ ಇಳಿಯುತ್ತದೆ. ಆದರೆ ಉಚಿತ ಡಯಾಲಿಸಿಸ್ ಸಿಗುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅವರು 8 ಲಕ್ಷದ ಸಾಲ ಎತ್ತುವ ಮೊದಲು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯೂರಾಲಜಿ ಸಂಸ್ಥೆಯ ಮೆಟ್ಟಿಲು ಹತ್ತಲಿ. ಸರ್ಕಾರಿ ಸಂಸ್ಥೆ, ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯದ ನೆರವೂ ಇದೆ. ಕಾಯಬೇಕಾಗುತ್ತದೆ, ನಿಜ. ಕೆಜಿಎಫ್, ಬಂಗಾರಪೇಟೆ ಕಡೆಯವರಿಗೆ ರೈಲು ಹತ್ತಿದರೆ ಕಾಟ್ಪಾಡಿ, ಅಲ್ಲಿಂದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ. 1971ರಿಂದ ಕಿಡ್ನಿ ಕಸಿ ಮಾಡಿ ಪಳಗಿದ ಜಾಗ ಅದು. ನಮ್ಮ ರಾಜ್ಯದ ಯೋಜನೆಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿಕೊಳ್ಳಿ.

ಕಸಿಯಲ್ಲಿ ತಪ್ಪಿದರೆ ಏನಾಗುತ್ತದೆ? ಮಾತ್ರೆ ತಪ್ಪಿದರೆ ಕಿಡ್ನಿಯೇ ಹೋಗುತ್ತದೆ. ಹೊಸ ಕಿಡ್ನಿಯನ್ನು ದೇಹ ಹೊರದಬ್ಬದಂತೆ ತಡೆಯುವ ಟ್ಯಾಕ್ರೋಲಿಮಸ್ ಮುಂತಾದ ಮಾತ್ರೆಗಳನ್ನು ಕಿಡ್ನಿ ಕೆಲಸ ಮಾಡುವವರೆಗೂ ಗಡಿಯಾರ ನೋಡಿ ನುಂಗಬೇಕು. ಹಾಗಾಗಿ 8 ಲಕ್ಷ ಹೊಂದಿಸಬಲ್ಲೆನೇ ಎಂಬ ಪ್ರಶ್ನೆಗಿಂತ, ಟೊಮೆಟೊ ಬೆಲೆ ನೆಲಕಚ್ಚಿದ ವರ್ಷವೂ ತಿಂಗಳಿಗೆ 12 ಸಾವಿರ ಹೊಂದಿಸಬಲ್ಲೆನೇ ಎಂಬ ಪ್ರಶ್ನೆ ದೊಡ್ಡದು. ಅದೇ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುವುದರಿಂದ ಮೊದಲ ತಿಂಗಳುಗಳಲ್ಲಿ ಸಗಣಿ ಬಾಚುವ ಕೆಲಸ, ಸಂತೆ, ಜಾತ್ರೆ ಎಲ್ಲ ದೂರ. ಬದುಕಿರುವ ದಾನಿಯ ಕಿಡ್ನಿ ಸರಾಸರಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಆಮೇಲೆ ಮತ್ತೆ ಮಷಿನ್ ಅಥವಾ ಮತ್ತೊಂದು ಕಸಿ.

ದಾನಿಯ ವಿಷಯ ಸೂಕ್ಷ್ಮ. 1994ರ ಕಾಯ್ದೆಯ ಪ್ರಕಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಬೇರೆಯವರು ಕೊಡುವುದಾದರೆ ಸಮಿತಿಯ ಅನುಮತಿ ಬೇಕು, ಹಣಕ್ಕೆ ಕೊಳ್ಳುವುದು ಅಪರಾಧ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಭಾವನವರಿಗೆ ಕೊಡುತ್ತೇನೆ ಎಂದು ಮೊದಲು ಹೇಳಿದ್ದೂ ಅಕ್ಕನೇ. ಅವರ ಇಬ್ಬರು ತಮ್ಮಂದಿರು ಆ ಹೊತ್ತಿನಲ್ಲಿ ನೆಲ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ವೈದ್ಯರು ಬೇಡ ಎಂದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಹತ್ತಿರದ ಸಂಬಂಧಿಯ ಗುಂಪು ಹೊಂದದ ಎರಡು ಕುಟುಂಬಗಳು ದಾನಿಗಳನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ದಾನಿಯನ್ನು ವೈದ್ಯರು ಒಬ್ಬಂಟಿಯಾಗಿ ಕೂರಿಸಿ ಮಾತಾಡಿಸುವಂತೆ ಕೇಳಿಕೊಳ್ಳಿ. ಮನಸ್ಸಿಲ್ಲ ಎಂದು ಅವರು ಅಲ್ಲಿ ಹೇಳಿದರೆ, ಆ ಮಾತು ಆ ಕೋಣೆಯಲ್ಲೇ ಉಳಿಯಬೇಕು.

ಭಾವನವರ ಹೆಸರು ಈಗ ಮೃತರ ಅಂಗಾಂಗಕ್ಕಾಗಿ ಕಾಯುವ ಪಟ್ಟಿಯಲ್ಲಿದೆ. ಕಸಿ ಮಾಡುವ ಆಸ್ಪತ್ರೆಯೊಂದರ ಮೂಲಕ ಜೀವಸಾರ್ಥಕತೆ ಸಂಸ್ಥೆಯಲ್ಲಿ ನೋಂದಾಯಿಸುತ್ತಾರೆ. ವರ್ಷಗಳೇ ಹಿಡಿಯಬಹುದು. ಫೋನ್ ಬಂದರೆ ಗಂಟೆಗಳೊಳಗೆ ತಲುಪಬೇಕು. ಬೆಂಗಳೂರು ಕೋಲಾರದಿಂದ 70 ಕಿಲೋಮೀಟರ್ ಆಸುಪಾಸು ಇರುವುದು ಈ ಒಂದು ವಿಷಯದಲ್ಲಿ ನಮ್ಮ ಅದೃಷ್ಟ.

ಕೆಜಿಎಫ್‌ನ ಮಗನ ಪ್ರಶ್ನೆ ಉಳಿಯಿತು. 81 ವಯಸ್ಸು, ಹೃದಯ ದುರ್ಬಲ, ಹಾಸಿಗೆಯಿಂದ ಏಳಲು ಇಬ್ಬರ ಆಸರೆ ಬೇಕು. ಇಂಥವರಿಗೆ ಡಯಾಲಿಸಿಸ್ ಆಯುಷ್ಯವನ್ನು ಹೆಚ್ಚು ಎಳೆಯದೆ ಇರಬಹುದು, ಸಿಕ್ಕ ದಿನಗಳಲ್ಲಿ ಅರ್ಧವನ್ನು ಆಸ್ಪತ್ರೆಯೇ ತಿನ್ನಬಹುದು. ಮಷಿನ್ ಇಲ್ಲದೆ ಮಾತ್ರೆಯಿಂದ ಊತ, ತುರಿಕೆ, ಉಬ್ಬಸ, ನೋವು ತಗ್ಗಿಸಿ ಮನೆಯಲ್ಲೇ ನೋಡಿಕೊಳ್ಳುವುದು ವೈದ್ಯಕೀಯ ಒಪ್ಪಿದ ದಾರಿ, ಕೈಬಿಡುವುದಲ್ಲ. ಸಂದೇಹವಿದ್ದರೆ ಒಂದೆರಡು ತಿಂಗಳು ಡಯಾಲಿಸಿಸ್ ಮಾಡಿ ನೋಡಿ, ಒಗ್ಗದಿದ್ದರೆ ನಿಲ್ಲಿಸಬಹುದು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಬಹುದು. ಆ ಮಗನಿಗೆ ನಾನು ಹೇಳಿದ್ದು ಇಷ್ಟೇ: ಅಪ್ಪನನ್ನೇ ಕೇಳು. ಅದುವರೆಗೆ ಯಾರೂ ಕೇಳಿರಲಿಲ್ಲ. ‘ಆ ಬಸ್ಸಿನ ಕುಲುಕಾಟ ನನಗೆ ಬೇಡ’ ಎಂದರಂತೆ.

ಒಂದು ದಾರಿ ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ. ಹೊಟ್ಟೆಯಿಂದ ಮಷಿನ್‌ಗೆ, ಮಷಿನ್‌ನಿಂದ ಕಸಿಗೆ ಬದಲಾಗುವವರು ಬೇಕಾದಷ್ಟಿದ್ದಾರೆ. ನಿಮ್ಮ ಇಜಿಎಫ್‌ಆರ್ ಇನ್ನೂ 20ರ ಆಸುಪಾಸಿನಲ್ಲಿದ್ದರೆ ಈ ತಿಂಗಳೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಸಿ, ಫಿಸ್ಟುಲಾದ ಮಾತು ಎತ್ತಿ, ಮನೆಯವರೆಲ್ಲರ ರಕ್ತದ ಗುಂಪು ಬರೆಸಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಬೇಕು. ಅದಿಲ್ಲದೆ ಬೆಂಗಳೂರಿನವರೆಗೆ ಹೋಗಿ ಬರಿಗೈಯಲ್ಲಿ ವಾಪಸ್ಸಾದ ದಿನ ನಮಗೆ ಎರಡು ಹೊತ್ತಿನ ಹಾಲೂ ಹೋಯಿತು. ರೇಷನ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟ್‌ಗಳು ಒಂದೇ ಫೈಲಿನಲ್ಲಿರಲಿ, ಎಲ್ಲದರ ಜೆರಾಕ್ಸ್ ಐದೈದು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸಾಲು ರಸ್ತೆಯವರೆಗೆ ಬಂದಿರುತ್ತದೆ, ಊರಿನಲ್ಲೇ ತೆಗೆಸಿಕೊಂಡು ಹೋಗಿ.